ಪ್ಲಾಸ್ಟಿಕ್ ಅಂತ ಒಂದೇ ವಸ್ತು ಇಲ್ಲ

ದಿನಬಳಕೆ ಸರಣಿ | ಭಾಗ 4

"ಪ್ಲಾಸ್ಟಿಕ್ ಬೇಡ" ಅಂತ ಪ್ರಬಂಧ ಬರೆದು ನಾವೆಲ್ಲ ಮಾರ್ಕ್ಸ್ ತಗೊಂಡಿದೀವಿ. ಯಾವ ಪ್ಲಾಸ್ಟಿಕ್ ಅಂತ ಮಾತ್ರ ಯಾರೂ ಕೇಳಲಿಲ್ಲ. ಹೆಸರೇ ಗೊತ್ತಿಲ್ಲದಿದ್ರೆ ಬೈಯೋದೂ ವ್ಯರ್ಥ, ಬಿಡೋದೂ ಕಷ್ಟ ಅನ್ನೋದು ನನ್ನ ವಾದ.

ವ್ಯಾಪಾರದವರಿಗೆ ಈ ಗೊಂದಲ ಇಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಎಚ್‌ಎಸ್‌ಎನ್ ಕೋಡ್ ಇರುತ್ತಲ್ಲ, ಅದರ 39ನೇ ಅಧ್ಯಾಯ ಪ್ಲಾಸ್ಟಿಕ್‌ದು. ಸಣ್ಣ ಕಾಳಿನಂತೆ ಬರೋ ಕಚ್ಚಾಮಾಲಿಗೆ ಬೇರೆ ಬೇರೆ ನಂಬರ್:

🔹 3901 ಪಾಲಿಎಥಿಲೀನ್: ಹಾಲಿನ ಪ್ಯಾಕೆಟ್, ಕ್ಯಾರಿಬ್ಯಾಗ್, ನೀರಿನ ಡ್ರಮ್.
🔹 3902 ಪಾಲಿಪ್ರೊಪಿಲೀನ್: ಸಿರುಗುಪ್ಪದ ಮಿಲ್‌ಗಳಿಂದ ಅಕ್ಕಿ ತುಂಬಿ ಬರೋ ನೇಯ್ದ ಚೀಲ. ಇದರ ಕಚ್ಚಾಮಾಲು ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತೆ.
🔹 3903 ಪಾಲಿಸ್ಟೈರೀನ್: ಥರ್ಮಾಕೋಲ್.
🔹 3904 ಪಿವಿಸಿ: ಪೈಪು, ವೈರಿನ ಕವಚ, ಫ್ಲೆಕ್ಸ್.
🔹 3907ರಲ್ಲಿ ಪೆಟ್: ನೀರಿನ ಬಾಟಲಿ. ಇದೇ ವಸ್ತು ಎಳೆಯಾದ್ರೆ ಪಾಲಿಯೆಸ್ಟರ್. ಬಳ್ಳಾರಿ ಜೀನ್ಸ್ ಹೊಲಿಯೋ ದಾರದಲ್ಲೂ ಅದೇ.

ಕೊನೆಗೆ 3915 ಅಂತ ಒಂದಿದೆ: ಪ್ಲಾಸ್ಟಿಕ್ ಚೂರು, ಗುಜರಿ. ಅಂದ್ರೆ ವ್ಯಾಪಾರದಲ್ಲಿ ಕಸಕ್ಕೂ ನಂಬರ್ ಇದೆ, ಬೆಲೆ ಇದೆ. ಗುಜರಿ ಅಂಗಡಿಯಣ್ಣ ಬಾಟಲಿ ಬೇರೆ, ಪೈಪು ಬೇರೆ ಅಂತ ಕೈಯಲ್ಲಿ ಹಿಡಿದೇ ಹೇಳ್ತಾನೆ. ಎಲ್ಲಾ ಒಂದೇ ಆಗೋದು ನಮ್ಮ ಮನೆ ಡಬ್ಬಿಯಲ್ಲಿ ಮಾತ್ರ.

ಇವತ್ತೇ ಒಂದು ಪ್ರಯೋಗ ಮಾಡಿ. ನೀರಿನ ಬಾಟಲಿಯ ಒಂದು ಚೂರು, ಅದರ ಮುಚ್ಚಳ ಎರಡನ್ನೂ ಬಕೆಟ್ ನೀರಿಗೆ ಮುಳುಗಿಸಿ ಬಿಡಿ. ಮುಚ್ಚಳ ಮೇಲೆ ಬರುತ್ತೆ, ಚೂರು ತಳ ಸೇರುತ್ತೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ; ಪೆಟ್, ಪಿವಿಸಿ ಭಾರ. ಒಂದೇ ಬಾಟಲಿ, ಎರಡು ವಸ್ತು!

ಇದು ಬರೀ ಕೆಮಿಸ್ಟ್ರಿ ಪಾಠ ಅಲ್ಲ. ಬೆಳಗ್ಗೆ ಗಲ್ಲಿ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡ್ತಾರಲ್ಲ, ಅದರಲ್ಲಿ ಪಿವಿಸಿ ಇದ್ರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ಆಮ್ಲದ ಅನಿಲ ಬರುತ್ತೆ, ಡೈಆಕ್ಸಿನ್‌ನಂಥ ವಿಷವೂ ಹುಟ್ಟುತ್ತೆ. ಆ ಹೊಗೆ ಕುಡಿಯೋದು ಕಸ ಗುಡಿಸೋ ಅಕ್ಕ, ಸ್ಕೂಲಿಗೆ ಹೊರಟ ಮಕ್ಕಳು.

2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಕ್ಯಾರಿಬ್ಯಾಗ್, ಫ್ಲೆಕ್ಸ್ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೇ ಸ್ಟ್ರಾ, ಪ್ಲಾಸ್ಟಿಕ್ ಲೋಟ-ತಟ್ಟೆ ಬಂದ್. ನಿಷೇಧ ಬೇಕು, ಸರಿ. ಆದ್ರೆ ಪೈಪು, ಡ್ರಮ್, ಅಕ್ಕಿ ಚೀಲ ನಾಳೆಯೂ ಇರ್ತವೆ. ಅವನ್ನ ಗುರುತಿಸೋಕೆ ಕಲಿಸದೆ ಘೋಷಣೆ ಕೂಗಿಸಿದ್ರೆ ಏನು ಬಂತು?

ಸತ್ಯನಾರಾಯಣಪೇಟೆ ದೋಸ್ತ್‌ಗಳೇ, ಡಬ್ಬಿ ತಿರುಗಿಸಿ ತ್ರಿಕೋನದೊಳಗಿನ ನಂಬರ್ ನೋಡಿ. 1 ಪೆಟ್, 3 ಪಿವಿಸಿ, 5 ಪಾಲಿಪ್ರೊಪಿಲೀನ್. ನಿಮ್ಮನೇಲಿ ಯಾವುದು ಜಾಸ್ತಿ? ಕಾಮೆಂಟ್ ಮಾಡಿ 👇

#ನಮ್ಮಬಳ್ಳಾರಿ #ಸತ್ಯನಾರಾಯಣಪೇಟೆ #ದಿನಬಳಕೆಸರಣಿ