ಖಾನಾಪುರ ತಲುಪದ ದಿವಾಳಿ ಕಾಯ್ದೆ

‘ಪಾಪರ್ ಚೀಟಿ’ ಎಂಬ ಮಾತು ಕನ್ನಡದಲ್ಲಿ ಬೈಗುಳವಾಗಿಯೇ ಉಳಿದಿದೆ. ಕಾನೂನಿನಲ್ಲಿ ದಿವಾಳಿಗೆ ಬೇರೆ ಅರ್ಥವಿದೆ. ಇದ್ದುದನ್ನೆಲ್ಲ ನ್ಯಾಯಾಲಯದ ಮುಂದಿಟ್ಟು, ಸಾಲ ಕೊಟ್ಟವರಿಗೆ ಹಂಚಿ, ಉಳಿದ ಋಣದಿಂದ ಬಿಡುಗಡೆ ಪಡೆದು ಮತ್ತೆ ಬದುಕು ಕಟ್ಟಿಕೊಳ್ಳುವ ದಾರಿ ಅದು. ಆ ದಾರಿ ಯಾರಿಗೆ ತೆರೆದಿದೆ ಎಂಬುದರ ಬಗ್ಗೆಯೇ ನನ್ನ ತಕರಾರು.

2016ರ ದಿವಾಳಿ ಸಂಹಿತೆಯಲ್ಲಿ ಕಂಪನಿಗಳ ಭಾಗ ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ವ್ಯಕ್ತಿಗಳಿಗೆ ಮೀಸಲಾದ ಮೂರನೆಯ ಭಾಗವನ್ನು 2019ರ ಡಿಸೆಂಬರ್ 1ರಂದು, ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗಷ್ಟೇ ಜಾರಿ ಮಾಡಿದರು. ಇದನ್ನು ಪ್ರಶ್ನಿಸಿ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು. 2021ರ ಮೇ 21ರಂದು, ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ, ಈ ಅರೆ ಜಾರಿಯನ್ನು ಎತ್ತಿಹಿಡಿಯಿತು.

ಹಾಗಾದರೆ ಖಾನಾಪುರದ ರೈತನಿಗೆ, ಬೆಳಗಾವಿ ಶಹಾಪುರದ ನೇಕಾರನಿಗೆ ಉಳಿದದ್ದೇನು? ಬ್ರಿಟಿಷರು ಬಿಟ್ಟುಹೋದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹಾಕಲು 500 ರೂಪಾಯಿ ಸಾಲವಿದ್ದರೆ ಸಾಕು ಎನ್ನುತ್ತದೆ ಅದು. ಆ ಮೊತ್ತವೇ ಕಾಯ್ದೆಯ ವಯಸ್ಸು ಹೇಳುತ್ತದೆ.

ಹೊಸ ಸಂಹಿತೆ ಬಡವರಿಗೆ ‘ಹೊಸ ಆರಂಭ’ದ ಭರವಸೆ ಕೊಟ್ಟಿದೆ. ಅದರ ಷರತ್ತು ನೋಡಿ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಲೇಬಾರದು. ಮನೆಯೊಳಗೇ ಮಗ್ಗ ಹಾಕಿಕೊಂಡವನು ಬಾಗಿಲಲ್ಲೇ ಹೊರಗಾದ. ಇಷ್ಟು ಸಣ್ಣ ಭರವಸೆಯೂ ಇನ್ನೂ ಜಾರಿಯಾಗಿಲ್ಲ.

‘ದಾರಿ ತೆರೆದರೆ ಯಾರೂ ಸಾಲ ಕಟ್ಟುವುದಿಲ್ಲ’ ಎನ್ನುವವರಿದ್ದಾರೆ. ಈ ಭಯ ಕಂಪನಿಗಳ ವಿಷಯದಲ್ಲಿ ಏಕೆ ಕಾಡಲಿಲ್ಲ? ವಂಚಕನನ್ನೂ ಸೋತವನನ್ನೂ ಬೇರ್ಪಡಿಸುವುದಕ್ಕೇ ತಾನೇ ನ್ಯಾಯಾಲಯ ಇರುವುದು! 2025ರಲ್ಲಿ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ವಸೂಲಿಗೆ ಬಂದವನು ಬಾಗಿಲು ಬಡಿಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ನ್ಯಾಯವಾಗಿ ಪಡೆದ ಸಾಲ ಕರಗುವುದಿಲ್ಲ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ದಿವಾಳಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. ಮೂರನೆಯ ಭಾಗವನ್ನು ಪೂರ್ತಿ ಜಾರಿ ಮಾಡಿ, ಮಿತಿಗಳನ್ನು ಇಂದಿನ ಬೆಲೆಗೆ ಏರಿಸಿ, ವಿಚಾರಣೆ ಬೆಳಗಾವಿಯಲ್ಲೇ ನಡೆಯಲಿ ಎಂದು ಸುವರ್ಣ ವಿಧಾನಸೌಧದ ಮುಂದಿನ ಅಧಿವೇಶನ ಕೇಂದ್ರವನ್ನು ಒತ್ತಾಯಿಸಲಿ. ಸೋತ ಕಂಪನಿಗೆ ಮತ್ತೆ ಏಳುವ ಹಕ್ಕಿದ್ದರೆ, ಸೋತ ಮನುಷ್ಯನಿಗೂ ಅದು ಇರಬೇಕು.