ಕಾರಣ ಕನ್ನಡದಲ್ಲಿ ಹೇಳು

ಊಟ, ಸ್ನಾನ, ನಿದ್ದೆಗೆಲ್ಲ ನಮ್ಮ ಮಕ್ಕಳ ಕನ್ನಡ ಸಾಕು. ವಾದಕ್ಕೆ ನಿಂತರೆ ಮಾತ್ರ ಇಂಗ್ಲಿಷಿಗೆ ಜಾರುತ್ತಾರೆ. ಅದಕ್ಕೇ ನೆಟ್‌ರನ್ನರ್ ಆಡುವಾಗ ನಮ್ಮ ಮನೆಯಲ್ಲೊಂದು ನಿಯಮ: ಹೊಸ ಕಾರ್ಡು ಒಳ್ಳೆಯದೋ ಅಲ್ಲವೋ, ಕಾರಣ ಕನ್ನಡದಲ್ಲೇ ಹೇಳಬೇಕು. (ಕ್ಲಿಕ್, ಕ್ರೆಡಿಟ್ ಹಾಗೇ ಇರಲಿ, ಅವನ್ನೂ ಕನ್ನಡಿಸುವ ಹಠ ನನಗಿಲ್ಲ.)

ಈ ಆಟದಲ್ಲಿ ಒಬ್ಬರು ದೊಡ್ಡ ಕಂಪನಿ, ಇನ್ನೊಬ್ಬರು ಅದರ ಸರ್ವರ್‌ಗಳಿಗೆ ಕನ್ನ ಹಾಕುವ ರನ್ನರ್. ರನ್ನರ್‌ಗೆ ಪ್ರತಿ ಸರದಿಗೆ 4 ಕ್ಲಿಕ್. ಒಂದು ಕ್ಲಿಕ್ಕಿಗೆ ಒಂದು ಕ್ರೆಡಿಟ್ ಅಥವಾ ಒಂದು ಕಾರ್ಡು, ಅದೇ ಅಳತೆಗೋಲು. ಹಳೆಯ 'ಶ್ಯೂರ್ ಗ್ಯಾಂಬಲ್' 5 ಕ್ರೆಡಿಟ್ ತೆಗೆದುಕೊಂಡು 9 ಕೊಡುತ್ತದೆ, ಉಳಿಯುವುದು 4. ಆದರೆ ಕಾರ್ಡು ಎಳೆಯಲು ಒಂದು ಕ್ಲಿಕ್, ಆಡಲು ಇನ್ನೊಂದು. ಆ ಎರಡಕ್ಕೆ ಹೇಗೂ 2 ಕ್ರೆಡಿಟ್ ಸಿಗುತ್ತಿತ್ತು. ನಿಜವಾದ ಲಾಭ 2 ಅಷ್ಟೇ.

ಮಗಳಿಗೆ ಹೊಸದಾಗಿ ಸಿಕ್ಕಿದ್ದು 2021ರ 'ಕ್ರಿಯೇಟಿವ್ ಕಮಿಷನ್'. 1 ತೆಗೆದುಕೊಂಡು 5 ಕೊಡುತ್ತದೆ. ಇಲ್ಲೂ ಉಳಿಯುವುದು 4. ಆದರೆ ಕ್ಲಿಕ್ ಮಿಕ್ಕಿದ್ದರೆ ಒಂದು ಕಳೆದುಹೋಗುತ್ತದೆ. "ಹಾಗಾದ್ರೆ ಇದು ಕಮ್ಮೀನೇ" ಎಂದು ಬೇಕೆಂದೇ ಕೆಣಕಿದೆ.

"ಕೊನೇ ಕ್ಲಿಕ್ಕಲ್ಲಿ ಆಡಿದ್ರೆ ಏನೂ ಹೋಗಲ್ಲ ಅಮ್ಮಾ. ಕೈಲಿ ಮೂರೇ ಕ್ರೆಡಿಟ್ ಇದ್ರೆ ಶ್ಯೂರ್ ಗ್ಯಾಂಬಲ್ ಆಡೋಕೇ ಆಗಲ್ಲ, ಇದನ್ನ ಆಡಬಹುದು!"

'ಆಡಿದ್ರೆ', 'ಇದ್ರೆ': ಒಂದೇ ಉಸಿರಿನಲ್ಲಿ ಎರಡು. ಹತ್ತು ವರ್ಷದವಳ ಬಾಯಲ್ಲಿ ಇವು ಇಷ್ಟು ಸಲೀಸಾಗಿ ಬಂದದ್ದು ಇದೇ ಮೊದಲು.

"ಆದ್ರೂ ಕೊನೇ ಕ್ಲಿಕ್‌ವರೆಗೂ ಕಾಯಬೇಕಲ್ಲ?" ಎಂದೆ. ವಾದ ಇನ್ನೂ ಮುಗಿದಿಲ್ಲ.