ಏನಾಗೂದಿಲ್ಲ ಬಿಡ್ರಿ

ಐಹೊಳೆಗೆ ಬಂದವರು ಲಾಡಖಾನ್ ಗುಡಿಯ ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ತಲೆಯೆತ್ತಿ ಮಾಳಿಗೆ ನೋಡುವವರು ಕಡಿಮೆ. ಇಳಿಜಾರಾಗಿ ಹೊದಿಸಿದ ಚಪ್ಪಡಿಗಳು. ಎರಡು ಚಪ್ಪಡಿ ಕೂಡುವ ಸಂದಿನ ಮೇಲೆಲ್ಲ ತೊಲೆಯ ಆಕಾರದಲ್ಲಿ ಉದ್ದಕ್ಕೂ ಕೂರಿಸಿದ ಕಲ್ಲಿನ ಪಟ್ಟಿ. ಮರದಲ್ಲಿ ಪಳಗಿದ ಕೆಲಸ ಕಲ್ಲಿಗೆ ಬಂದಾಗ ಮರಗೆಲಸದ ಎಚ್ಚರವೂ ಜೊತೆಗೆ ಬಂತು: ಸಂದಿಯಲ್ಲಿ ನೀರು ಇಳಿಯಬಾರದು. ಅದೇ ಗುಡಿಯ ಗೋಡೆಗಳಲ್ಲಿ, ಹತ್ತಿರದ ದುರ್ಗಾ ಗುಡಿಯಲ್ಲಿ ಜಾಲಂಧ್ರಗಳಿವೆ. ಗಾಳಿ ಒಳಗೇ ಕೊಳೆಯದ ಹಾಗೆ, ಬೆಳಕು ಕಣ್ಣಿಗೆ ಚುಚ್ಚದ ಹಾಗೆ ಕೊರೆದವು. ಒಳಗೆ ಇರುವವರಿಗೆ ಏನು ಬೇಕು ಎಂದು ಮೊದಲು ಕೇಳಿಕೊಂಡು ಆಮೇಲೆ ಉಳಿ ಹಿಡಿದವರ ಕೆಲಸ ಅದು.

ಅವರ ಊರುಗಳಲ್ಲೇ ಬದುಕುವ ನಾವು, ಜೀವ ಇರುವ ಪ್ರಾಣಿಗೆ ಮರದ ಪೆಟ್ಟಿಗೆ ಮಾಡಿಸುವಾಗ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ದೊಡ್ಡ ಪಟ್ಟಣಗಳ ಗೀಳು ಈಗ ನಮ್ಮ ಕಡೆಗೂ ಬಂದಿದೆ. ಮೊಬೈಲಿನಲ್ಲಿ ಹಸಿರು ಇಗ್ವಾನಾ ಹಲ್ಲಿಯ ವಿಡಿಯೊ ನೋಡುತ್ತಾರೆ, ಬಾಲ್ ಪೈಥಾನ್ ಹಾವನ್ನು ಕೊರಳಿಗೆ ಸುತ್ತಿಕೊಂಡ ಹುಡುಗನನ್ನು ನೋಡುತ್ತಾರೆ, ಆಸೆಪಟ್ಟು ತರಿಸುತ್ತಾರೆ. ಎಲ್ಲಿ ಇಡುವುದು ಎಂಬ ಯೋಚನೆ ತರಿಸಿದ ಮೇಲೆ ಬರುತ್ತದೆ. ಆಗ ಓಣಿಯ ಬಡಿಗೇರರನ್ನು ಕರೆದು, “ಎರಡು ಫೂಟ್ ಉದ್ದ, ಒಂದ್ ಫೂಟ್ ಅಗಲ, ಮುಂದ ಗ್ಲಾಸ್ ಹಾಕಿಕೊಡ್ರಿ” ಎನ್ನುತ್ತಾರೆ. ಅವರು ಟಿವಿ ಶೋಕೇಸಿನ ಅಳತೆಯಲ್ಲಿ ಯೋಚಿಸಿ ಮಾಡಿಕೊಡುತ್ತಾರೆ. ಗಾಳಿ ಎಲ್ಲಿಂದ ಬರಬೇಕು, ಬಿಸಿ ಎಲ್ಲಿ ಇರಬೇಕು, ತೇವಕ್ಕೆ ಹಲಗೆ ತಡೆಯುತ್ತದೆಯೇ ಎಂದು ಕೇಳಿದರೆ ಮಾಡಿಸುವವರದೂ ಮಾಡುವವರದೂ ಒಂದೇ ಉತ್ತರ: ಏನಾಗೂದಿಲ್ಲ ಬಿಡ್ರಿ.

ಆಗುತ್ತದೆ. ತಡವಾಗಿ ಆಗುತ್ತದೆ, ಕೇಡು ಇರುವುದೇ ಅಲ್ಲಿ.

ನಾಯಿಗೆ ಕಷ್ಟವಾದರೆ ಕುಂಯ್‌ಗುಡುತ್ತದೆ. ಎಮ್ಮೆ ಮೇವು ಬಿಟ್ಟರೆ ಸಂಜೆಯ ಹಾಲಿನಲ್ಲೇ ಗೊತ್ತಾಗುತ್ತದೆ. ಹಾವು, ಹಲ್ಲಿ, ಆಮೆಗಳಿಗೆ ಹೇಳಿಕೊಳ್ಳುವ ದನಿ ಇಲ್ಲ. ಅವುಗಳ ಮೈ ನಿಧಾನದ ಮೈ. ಒಂದು ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇದ್ದು ಜೀವ ಹಿಡಿದುಕೊಂಡೀತು. ಕಾಡಿನಲ್ಲಿ ಬರಗಾಲ ದಾಟಿಸುವ ಈ ತಾಳಿಕೆಯೇ ಪೆಟ್ಟಿಗೆಯಲ್ಲಿ ಅದಕ್ಕೆ ಮುಳುವಾಗುತ್ತದೆ. ಯಾಕೆಂದರೆ ಸಾಕಿದವರು ಅದನ್ನು ಆರೋಗ್ಯ ಎಂದುಕೊಳ್ಳುತ್ತಾರೆ. “ವರ್ಷ ಆತು, ಅರಾಮ ಐತಿ” ಎನ್ನುತ್ತಾರೆ. ಅರಾಮ ಇಲ್ಲ. ಸಾಯುವುದಕ್ಕೆ ಅದು ವರ್ಷ ತೆಗೆದುಕೊಳ್ಳುತ್ತಿದೆ, ಅಷ್ಟೇ.

ಇಳಕಲ್ಲಿನ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪಡಸಾಲೆಯ ಮೂಲೆಯಲ್ಲಿ ಹಳೆಯ ಶೋಕೇಸು, ಒಳಗೆ ಒಂದು ಇಗ್ವಾನಾ. ಗಾಜಿನ ಬಾಗಿಲಿಗೆ ಸ್ಟಿಕ್ಕರು, ನೆಲಕ್ಕೆ ಹಸಿರು ಪ್ಲಾಸ್ಟಿಕ್ ಹುಲ್ಲು, ಮೇಲೆ ನೀಲಿ ಬಣ್ಣದ ಎಲ್‌ಇಡಿ ಪಟ್ಟಿ. ಪ್ರಾಣಿಯ ಬಾಲ ಮಡಚಿಕೊಂಡು ಗಾಜಿಗೆ ಒತ್ತಿತ್ತು, ನೇರವಾಗಿ ಚಾಚಲು ಜಾಗವಿರಲಿಲ್ಲ. ಕೆಳದವಡೆ ಎರಡೂ ಬದಿಗೆ ಉಬ್ಬಿ, ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಹಿಂಗಾಲಿನ ಬೆರಳುಗಳು ಸುಮ್ಮನಿದ್ದಾಗಲೂ ಅದುರುತ್ತಿದ್ದವು. ಮನೆಯ ಹುಡುಗ ಅದರ ಬೆನ್ನು ಸವರುತ್ತ, “ಭಾಳ ಸಾಧು ಐತ್ರಿ, ಎಲ್ಲೂ ಓಡೂದಿಲ್ಲ” ಎಂದ. ಓಡುವ ಶಕ್ತಿ ಅದರ ಎಲುಬಿನಲ್ಲಿ ಉಳಿದಿರಲಿಲ್ಲ. ಇಂಥ ಪ್ರಾಣಿಯ ದವಡೆಯನ್ನು ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಬಾಗುತ್ತದೆ.

ಎಲುಬು ಮೆತ್ತಗಾಗುವ ಈ ರೋಗಕ್ಕೆ ಕಾರಣ ಗುಟ್ಟಿನದೇನಲ್ಲ. ಸೂರ್ಯನ ಬೆಳಕಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದು ಇದ್ದರೆ ತಿಂದ ಸೊಪ್ಪಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಇಲ್ಲದಿದ್ದರೆ ಮೈ ತನ್ನ ಎಲುಬನ್ನೇ ಕರಗಿಸಿ ಕ್ಯಾಲ್ಸಿಯಂ ಹೊಂದಿಸಿಕೊಳ್ಳುತ್ತದೆ. ಸಾಮಾನ್ಯ ಗಾಜು ಯುವಿಬಿಯನ್ನು ತಡೆಯುತ್ತದೆ. ಆದ್ದರಿಂದ ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆ ಇಟ್ಟು “ಬಿಸಿಲು ಬೀಳ್ತದಲ್ಲ” ಎನ್ನುವವರು ಪ್ರಾಣಿಗೆ ಕೊಡುತ್ತಿರುವುದು ಬರಿಯ ಕಾವು. ಎಲ್‌ಇಡಿಯಲ್ಲೂ, ಮನೆಯ ಬಲ್ಬಿನಲ್ಲೂ ಆ ಕಿರಣ ಇಲ್ಲ. ಉರಗಗಳಿಗೆಂದೇ ಮಾಡಿದ ಯುವಿಬಿ ದೀಪ ಬೇಕು. ಅದು ಕಣ್ಣಿಗೆ ಬೆಳಗುತ್ತಲೇ ಇದ್ದರೂ ತಿಂಗಳುಗಳು ಕಳೆದಂತೆ ಕಿರಣದ ಕಸುವು ಕುಂದುತ್ತದೆ. ಹೆಚ್ಚೆಂದರೆ ವರ್ಷದೊಳಗೆ ಬದಲಿಸಲೇಬೇಕು. ವರ್ಷದ ಬಹುಪಾಲು ಬಿಸಿಲು ಸುರಿಯುವ ನಾಡು ನಮ್ಮದು. ಬೆಳಿಗ್ಗೆ ಒಂದು ತಾಸು, ನೆರಳೂ ಸಿಗುವಂಥ ಜಾಲರಿಯ ಗೂಡಿನಲ್ಲಿ ಅಂಗಳಕ್ಕೆ ತಂದು ಕೂರಿಸಿದ್ದರೂ ಆ ಇಗ್ವಾನಾದ ಎಲುಬು ಉಳಿಯುತ್ತಿತ್ತು. ಬಿಸಿಲಿನ ಬರ ನಮಗಿಲ್ಲ. ಬರ ಇರುವುದು ಕಾಳಜಿಗೆ.

ಇನ್ನು ಕಾವಿನ ಮಾತು. ಉರಗಗಳು ನಮ್ಮ ಹಾಗೆ ಒಳಗಿನಿಂದ ಮೈ ಬೆಚ್ಚಗಿಟ್ಟುಕೊಳ್ಳುವುದಿಲ್ಲ. ಬಿಸಿ ಬೇಕಾದಾಗ ಬಿಸಿಯ ಕಡೆ ಸರಿಯುತ್ತವೆ, ಸಾಕೆನಿಸಿದಾಗ ತಂಪಿಗೆ ಹೋಗುತ್ತವೆ. ಹೀಗೆ ಹೋಗಿ ಬರುವುದೇ ಅವುಗಳ ಜೀವನಕ್ರಮ. ಬಾಲ್ ಪೈಥಾನಿಗೆ ಪೆಟ್ಟಿಗೆಯ ಒಂದು ತುದಿ 31–33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25–27ರ ಆಸುಪಾಸು ಇರಬೇಕು. ಎರಡಡಿಯ ಪೆಟ್ಟಿಗೆಯಲ್ಲಿ ಎರಡು ತುದಿ ಎಂಬುದೇ ಇರುವುದಿಲ್ಲ. ಬಲ್ಬು ಹಾಕಿದರೆ ಇಡೀ ಪೆಟ್ಟಿಗೆ ಕಾಯುತ್ತದೆ, ತೆಗೆದರೆ ಇಡೀ ಪೆಟ್ಟಿಗೆ ತಣ್ಣಗಾಗುತ್ತದೆ. ತಣ್ಣಗಾದರೆ ನುಂಗಿದ ಇಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ನಾಲ್ಕರಿಂದ ಐದಡಿ ಬೆಳೆಯುವ ಈ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂಬುದು ಇವತ್ತು ತಿಳಿದವರು ಒಪ್ಪುವ ಕನಿಷ್ಠ ಅಳತೆ. ಬಾಲ ಸೇರಿ ಐದಡಿ ಮೀರುವ ಇಗ್ವಾನಾಕ್ಕೆ ಬೇಕಾದದ್ದು ಆಳೆತ್ತರದ, ಹತ್ತಿ ಕೂರಲು ಕೊಂಬೆಗಳಿರುವ ಒಂದು ಸಣ್ಣ ಕೋಣೆ. ಅಷ್ಟು ಜಾಗ ಮನೆಯಲ್ಲಿ ಇಲ್ಲದಿದ್ದರೆ ಆ ಪ್ರಾಣಿ ಮನೆಗೆ ಬರಬಾರದು. ಇದರಲ್ಲಿ ಚೌಕಾಸಿ ಇಲ್ಲ.

ಪುಸ್ತಕಗಳೂ ವಿಡಿಯೊಗಳೂ ಹೆಚ್ಚಾಗಿ ಚಳಿ ದೇಶದವು. ಬೆಚ್ಚಗಿಡುವುದು ಹೇಗೆ ಎಂದು ಕಲಿಸುತ್ತವೆ. ನಮ್ಮ ಕಷ್ಟ ತಿರುವುಮುರುವು. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದ ದಿನ, ತಗಡಿನ ಸೂರಿನ ಕೆಳಗೆ, ಮುಚ್ಚಿದ ಪೆಟ್ಟಿಗೆಯೊಳಗೆ, ಉರಿಯುವ ಬಲ್ಬಿನಡಿ ಸಿಕ್ಕ ಪ್ರಾಣಿ ಓಡಿ ಹೋಗಲು ದಾರಿಯಿಲ್ಲದೆ ಸಾಯುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಬಲ್ಬು ಹಾಕುವುದು ಅಪರಾಧಕ್ಕೆ ಸಮ ಎಂದೇ ಹೇಳುತ್ತೇನೆ. ಮನೆ ಬಿಟ್ಟು ಮದುವೆಗೆ ಹೋದ ಮಧ್ಯಾಹ್ನ ಸ್ವಿಚ್ ಆರಿಸುವವರು ಯಾರು? ಕರೆಂಟು ಹೋಗಿ ಬಂದಾಗ ವೋಲ್ಟೇಜ್ ಏರಿ, ಪ್ಲೈವುಡ್ಡಿಗೆ ತಾಗಿಕೊಂಡ ಹೋಲ್ಡರಿನಿಂದ ಹೊಗೆ ಎದ್ದರೆ ಸುಡುವುದು ಪೆಟ್ಟಿಗೆಯೊಂದೇ ಅಲ್ಲ. ಮಾಳಿಗೆ ಮನೆಯ ನಡುಕೋಣೆ, ದಪ್ಪ ಗೋಡೆಯ ತಂಪು, ಇವು ನಮ್ಮ ಹಿರಿಯರು ಬಿಸಿಲಿಗೆ ಕಂಡುಕೊಂಡ ಉತ್ತರ. ಪೆಟ್ಟಿಗೆ ಇಡುವ ಜಾಗ ಅದು.

ಮರ ತಪ್ಪು ಆಯ್ಕೆ ಎಂದು ನಾನು ಹೇಳುತ್ತಿಲ್ಲ. ಗಾಜಿಗಿಂತ ಮರ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಸುತ್ತ ಮರೆ ಇರುವುದರಿಂದ ಪ್ರಾಣಿಗೆ ಅಂಜಿಕೆಯೂ ಕಡಿಮೆ. ಆದರೆ ಮರ ನೀರು ಕುಡಿಯುತ್ತದೆ. ಬಾಲ್ ಪೈಥಾನಿಗೆ ಬೇಕಾದ ತೇವ, ಚೆಲ್ಲಿದ ನೀರು, ಉಚ್ಚೆ ಎಲ್ಲ ಹಲಗೆಯ ಅಂಚಿನಲ್ಲಿ ಇಳಿದು ಪ್ಲೈ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ, ಸಂದಿಗಳಲ್ಲಿ ನುಸಿಗಳು ಮನೆ ಮಾಡುತ್ತವೆ. ಹಸಿ ನೆಲದಲ್ಲೇ ಬಿದ್ದಿರುವ ಹಾವಿನ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಬೂಸ್ಟಿನ ಗಾಳಿ ಕುಡಿದದ್ದು ಬಾಯಿ ತೆರೆದು ಉಸಿರೆಳೆಯುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತವೆ. ಹಾಗಾಗಿ ಒಳಗಿನ ಪ್ರತಿ ಮೂಲೆಗೂ ಸಿಲಿಕೋನ್ ಎಳೆಯಬೇಕು, ಕೊಯ್ದ ಅಂಚುಗಳನ್ನು ಮುಖ್ಯವಾಗಿ ಮುಚ್ಚಬೇಕು. ವಾರ್ನಿಷ್ ಹೊಡೆದ ಮೇಲೆ ವಾಸನೆ ಪೂರ್ತಿ ಹೋಗುವ ತನಕ, ಅಂದರೆ ವಾರಗಟ್ಟಲೆ, ಖಾಲಿ ಬಿಡಬೇಕು. ಇವತ್ತು ಪಾಲಿಷ್, ನಾಳೆ ಗೃಹಪ್ರವೇಶ ಎಂಬ ಅವಸರ ಪುಪ್ಪಸ ಸುಡುತ್ತದೆ. ದೇವದಾರು ಹಲಗೆ ಬೇಡವೇ ಬೇಡ, ರಾಳದ ಘಾಟು ಹೋಗದ ಪೈನ್ ಪ್ಯಾಕಿಂಗ್ ಹಲಗೆಯೂ ಬೇಡ. ಆ ಎಣ್ಣೆಗಳ ಆವಿ ಉರಗಗಳಿಗೆ ಕೆಟ್ಟದ್ದು. ಗಾಳಿಗೆ ತಂಪು ಬದಿಯಲ್ಲಿ ಕೆಳಗೆ ಒಂದು ಸಾಲು ತೂತು, ಬಿಸಿ ಬದಿಯಲ್ಲಿ ಮೇಲೆ ಒಂದು ಸಾಲು: ಬಿಸಿ ಗಾಳಿ ಏರಿ ಹೊರಗೆ ಹೋದಂತೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಹಿಂದುಗಡೆ ಗೋಡೆಗೆ ಒತ್ತಿ ಇಡುವ ಬದಿಯಲ್ಲಿ ಹತ್ತು ತೂತು ಕೊರೆದು ಗಾಳಿ ಮಾಡಿಕೊಟ್ಟೆ ಎನ್ನುವುದು ಕಣ್ಣೊರೆಸುವ ಕೆಲಸ. ತಂತಿ ಜಾಲರಿಯ ಚೂಪು ತುದಿ ಒಳಗೆ ಉಳಿದರೆ ಹಾವು ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಬಲ್ಬಿಗೆ ಕಾವಲು ಜಾಲರಿ ಇಲ್ಲದಿದ್ದರೆ ಅದಕ್ಕೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಬಾಗಿಲಿಗೆ ಚಿಲಕ ಗಟ್ಟಿ ಇರಲಿ. ತಲೆ ತೂರುವಷ್ಟು ಸಂದಿ ಸಿಕ್ಕರೆ ಮೈ ತಾನಾಗಿ ಅದರ ಹಿಂದೆಯೇ ಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕಾನೂನು ಇಟ್ಟುಕೊಳ್ಳಲು ಬಿಡುವ ವಿದೇಶಿ ಪ್ರಾಣಿಗಳ ಬಗ್ಗೆ. ನಮ್ಮ ನೆಲದ ಹಾವು, ಉಡ, ಆಮೆಗಳಿಗೆ ಎಷ್ಟು ಚಂದದ ಪೆಟ್ಟಿಗೆ ಮಾಡಿಸಿದರೂ ಅದು ಸೆರೆಮನೆ, ಮಾಡಿಸಿದವರು ಅಪರಾಧಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಐದು ದಶಕಗಳಿಂದ ಹೇಳುತ್ತಿದೆ. ಮೊದಲ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆ. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂದು ನಂಬಿ ತರುವವರು ಇನ್ನೂ ಇದ್ದಾರೆ. ಆ ಆಮೆಯ ಕಳ್ಳಸಾಗಣೆ ಎಷ್ಟು ಬೆಳೆದಿತ್ತೆಂದರೆ 2019ರಲ್ಲಿ ಜಗತ್ತಿನ ದೇಶಗಳು ಸೇರಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದವು. ಬಾವಿ ನೀರು ಶುದ್ಧವಾಗಲಿ ಎಂದು ಹೊಳೆಯ ಆಮೆ ತಂದು ಬಿಡುವುದು, ಪಂಚಮಿಗೆ ಪೂಜೆಗೆಂದು ಹಿಡಿದ ನಾಗರವನ್ನು ಡಬ್ಬಿಯಲ್ಲಿ ದಿನಗಟ್ಟಲೆ ಇಡುವುದು, ಅದರ ಬಾಯಿಗೆ ಹಾಲು ಸುರಿಯುವುದು, ಇವೂ ಅದೇ ಅಪರಾಧದ ಮನೆಮಾತಾದ ರೂಪಗಳು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಬಾಯಾರಿಸಿ ಇಟ್ಟದ್ದು ಸಿಕ್ಕದ್ದನ್ನು ಕುಡಿಯುತ್ತದೆ, ಆಮೇಲೆ ಅದಕ್ಕೇ ಸಾಯುತ್ತದೆ. ದುರ್ಗಾ ಗುಡಿಯ ಮುಖಮಂಟಪದ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜನಿದ್ದಾನೆ, ಬಾದಾಮಿಯ ಮೊದಲ ಗುಹೆಯ ಚಾವಣಿಯಲ್ಲೂ ಇದ್ದಾನೆ. ಅಲ್ಲಿ ಕೈಮುಗಿದು ಬಂದು ಮನೆಯಲ್ಲಿ ಡಬ್ಬಿಯ ಮುಚ್ಚಳ ಒತ್ತುವ ಭಕ್ತಿಯನ್ನು ನಾನು ಒಪ್ಪಲಾರೆ.

ವಿದೇಶಿ ಪ್ರಾಣಿ ಎಂದ ಮಾತ್ರಕ್ಕೆ ಕೈ ತೊಳೆದುಕೊಂಡಂತೆಯೂ ಅಲ್ಲ. ಎಲ್ಲಿಂದ ಬಂತು ಎಂದು ಕೇಳಿದ್ದೀರಾ? 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಟ್ರಾಲಿ ಚೀಲದಲ್ಲಿ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಇಗ್ವಾನಾ, ಆಮೆ, ಮೊಸಳೆ ಮರಿ. ಜೊತೆಗೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ. 2024ರ ಏಪ್ರಿಲಿನಲ್ಲಿ ಅಲ್ಲೇ ಇನ್ನೊಬ್ಬನ ಚೀಲದಲ್ಲಿ 10 ಹಳದಿ ಅನಕೊಂಡಗಳು. ಕೊಳ್ಳುವವರಿಲ್ಲದೆ ಈ ಚೀಲಗಳು ತುಂಬುವುದಿಲ್ಲ. ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿ, ಅಂದರೆ ಇಗ್ವಾನಾ, ಬಾಲ್ ಪೈಥಾನ್ ಇಂಥವು, ಮನೆಯಲ್ಲಿದ್ದರೆ ಕೇಂದ್ರ ಸರಕಾರದ 2024ರ ನಿಯಮಗಳ ಪ್ರಕಾರ ಅದರ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. ಕಾಗದ ತೋರಿಸದ ಮಾರಾಟಗಾರನಿಂದ ಕೊಂಡರೆ ನೀವು ಅವನ ಪಾಲುದಾರರು.

ಸಾಕಾಯಿತೆಂದು ಹೊಳೆಗೆ ಬಿಡುವವರದು ಇನ್ನೊಂದು ಬಗೆ. ನಾಣ್ಯದಷ್ಟು ಇದ್ದಾಗ ತಂದ ಕೆಂಪು ಕಿವಿಯ ಆಮೆ ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಬಕೆಟ್ಟಿನಲ್ಲಿ ಹಿಡಿಸದೆ ಹೋದಾಗ ಪುಣ್ಯ ಎಂದುಕೊಂಡು ಹೊಂಡಕ್ಕೋ ಮಲಪ್ರಭೆಗೋ ಹಾಕುತ್ತಾರೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ; ಹೋದ ಕಡೆಯಲ್ಲೆಲ್ಲ ಸ್ಥಳೀಯ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿದುಕೊಂಡಿದೆ. ಮಕ್ಕಳ ಬಾಯಿಗೆ ಸಾಲ್ಮೊನೆಲ್ಲಾ ರೋಗಾಣು ಸೇರುತ್ತದೆಂದು ಅಮೆರಿಕವು 1975ರಲ್ಲೇ ನಾಲ್ಕು ಇಂಚಿಗಿಂತ ಸಣ್ಣ ಆಮೆಮರಿಗಳ ಮಾರಾಟ ನಿಷೇಧಿಸಿತು. ಇಲ್ಲಿ ಇನ್ನೂ ಅಡುಗೆಮನೆಯ ಸಿಂಕಿನಲ್ಲಿ ಅದರ ತೊಟ್ಟಿ ತೊಳೆಯುತ್ತೇವೆ.

ಕೊನೆಯ ಮಾತು ಬಡಿಗೇರ ಅಣ್ಣಂದಿರಿಗೆ. ಗಿರಾಕಿ ಅಳತೆ ಹೇಳುವ ಮೊದಲು ನೀವು ಕೇಳಿ: ಯಾವ ಪ್ರಾಣಿ? ಬೆಳೆದರೆ ಎಷ್ಟು ಉದ್ದ? ಕಾಗದ ಇದೆಯೇ? ನಾಗರ, ಮಣ್ಣುಮುಕ್ಕ, ಉಡ, ನಕ್ಷತ್ರ ಆಮೆ ಎಂದರೆ ಹಲಗೆ ಕೊಯ್ಯಬೇಡಿ, ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ. ವಿದೇಶಿ ಪ್ರಾಣಿಯಾದರೆ ಬೆಳೆದ ಮೈಗೆ ಅಳತೆ ತೆಗೆಯಿರಿ, ಮರಿಗಲ್ಲ. ದುಡ್ಡು ಉಳಿಸಲು ಎರಡಡಿಯಲ್ಲೇ ಮುಗಿಸಿ ಎಂದು ಹಟ ಹಿಡಿದರೆ ಮುಂಗಡ ವಾಪಸು ಕೊಟ್ಟು ಕಳಿಸಿ.